ಆಪರೇಟರಮ್ಮ ಡಾಕ್ಟರನ್ನು ವಿಚಾರಿಸಿದ್ದು

ಸಾವಿನ ಮನೆಗೆ ಹೋದವರು ಎರಡು ಕೆಲಸ ಮಾಡುತ್ತಾರೆ. ಮೊದಲು ಅಳುತ್ತಾರೆ, ಆಮೇಲೆ ಕಾರಣ ಹುಡುಕುತ್ತಾರೆ. ಹೋದ ತಿಂಗಳು ನಮ್ಮ ಮಹಡಿ ಮನೆಯ ಆಪರೇಟರಮ್ಮ ತೀರಿಕೊಂಡರು. ಮಣ್ಣು ಮಾಡಿ ಹಲಸೂರಿಗೆ ವಾಪಸ್ ಬರುವ ವ್ಯಾನಿನಲ್ಲಿ ನಾಲ್ಕು ಜನ ನಾಲ್ಕು ಸೀಟಿನಿಂದ ಒಂದೇ ಮಾತು ಹೇಳಿದರು: "ಹೊಟ್ಟೆ ಕೊಯ್ಸಿಕೊಂಡ್ರಲ್ಲ, ಅದೇ ಕಣ್ರೀ ಕಾರಣ."

ಅಲ್ಲ. ಹೊಟ್ಟೆ ಕೊಯ್ಸಿಕೊಂಡು ಐದು ವರ್ಷವಾಗಿತ್ತು. ಅವರನ್ನು ಕರೆದುಕೊಂಡು ಹೋದದ್ದು ಡೆಂಗಿ ಜ್ವರ. ಒಬ್ಬ ಡಾಕ್ಟರನ್ನು ಒಪ್ಪಿಕೊಳ್ಳೋಕೆ ಎರಡು ವರ್ಷ ತಗೊಂಡ ಹೆಂಗಸನ್ನು ಹೇಳದೆ ಕೇಳದೆ ಬಂದ ಒಂದು ಸೊಳ್ಳೆ ವಾರದೊಳಗೆ ಒಪ್ಪಿಸಿಬಿಟ್ಟಿತು. ವ್ಯಾನಿನಲ್ಲಿ ಜಗಳ ಬೇಡ ಅಂತ ಸುಮ್ಮನಿದ್ದೆ. ಸುಮ್ಮನಿದ್ದದ್ದು ಆಪರೇಟರಮ್ಮನಿಗೆ ಹಿಡಿಸುತ್ತಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದರು. ಮೊದಲು ಟ್ರಂಕ್ ಕಾಲ್ ಜೋಡಿಸುವ ಕೆಲಸ. ಬೀದಿಗೊಂದು ಎಸ್‌ಟಿಡಿ ಬೂತ್ ಬಂದ ಮೇಲೆ ಆ ಕೆಲಸ ಹೋಗಿ ಎನ್‌ಕ್ವೈರಿಗೆ ಹಾಕಿದರು. ಯಾರೋ ಫೋನ್ ಮಾಡಿ, "ಶಿವಾಜಿನಗರದಲ್ಲಿ ಸೋಫಾ ರಿಪೇರಿ ಮಾಡ್ತಾನಲ್ಲ, ಗಡ್ಡದವನು, ಅವನ ನಂಬರ್ ಕೊಡಿ" ಅನ್ನುತ್ತಿದ್ದರಂತೆ. ಹೆಸರಿಲ್ಲ, ವಿಳಾಸವಿಲ್ಲ. ಇವರು ಅಡ್ಡ ಪ್ರಶ್ನೆ ಕೇಳಿ ಕೇಳಿ ಗಡ್ಡದವನನ್ನು ಹಿಡಿದು ಕೊಡುತ್ತಿದ್ದರು. ಕನ್ನಡ, ತಮಿಳು, ಉರ್ದು, ಇಂಗ್ಲಿಷ್ ನಾಲ್ಕರಲ್ಲೂ ಬೈಯಲು ಬರುತ್ತಿತ್ತು. ಇಂಗ್ಲಿಷಿನಲ್ಲಿ ಮಾತ್ರ ಬೈದ ಮೇಲೆ ಥ್ಯಾಂಕ್ಯೂ ಅನ್ನುತ್ತಿದ್ದರು.

ಧ್ವನಿ ಎಂಥದು ಅಂತೀರಿ! ಫೋನಿನಲ್ಲಿ ಕೇಳಿದವರು ಇಪ್ಪತ್ತರ ಹುಡುಗಿ ಅಂದುಕೊಳ್ಳಬೇಕು. ಒಬ್ಬ ಮಿಲಿಟರಿಯವನು ಮೂರು ತಿಂಗಳು ದಿನಾ ಯಾರದೋ ನಂಬರ್ ಕೇಳೋ ನೆಪದಲ್ಲಿ ಫೋನ್ ಮಾಡಿ, ಕೊನೆಗೆ ನೋಡಲೇಬೇಕು ಅಂತ ಎಕ್ಸ್‌ಚೇಂಜ್ ಬಾಗಿಲಿಗೇ ಬಂದನಂತೆ. ಇವರು ಹೊರಗೆ ಹೋಗಿ ನಿಂತು, "ನಾನೇ. ಪೂರ್ತಿ ನೋಡ್ಕೊಳ್ಳಿ, ಸ್ವಲ್ಪ ಹೊತ್ತು ಹಿಡಿಯುತ್ತೆ" ಅಂದರಂತೆ.

ತೂಕ ನೂರಾ ಇಪ್ಪತ್ತು ದಾಟಿತ್ತು. ನಾನು ಹೇಳುತ್ತಿರುವುದು ಕೊಂಕಲ್ಲ, ಅವರೇ ಎಲ್ಲರಿಗೂ ಹೇಳುತ್ತಿದ್ದರು. ಒಮ್ಮೆ ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಬಣ್ಣದ ದೀಪದ ತೂಕದ ಮಷೀನ್ ಹತ್ತಿದರು. ಚಕ್ರ ಗರಗರ ತಿರುಗಿತು, ನಿಂತಿತು, ಚೀಟಿ ಬಂತು. ತೂಕ ಬರೆಯುವ ಜಾಗ ಖಾಲಿ. ಹಿಂದೆ 'ನಿಮ್ಮನ್ನು ಎಲ್ಲರೂ ಹೊತ್ತು ಮೆರೆಸುವರು' ಅಂತ ಭವಿಷ್ಯ. "ನೋಡಿ ಪೂಜಾರಮ್ಮ, ಮಷೀನಿಗೂ ತಮಾಷೆ" ಅಂದರು.

ಪೂಜಾರಮ್ಮ ಅಂದರೆ ನಾನು. ನಾನು ಬೆಳಿಗ್ಗೆ ಎದ್ದು ದೀಪ ಹಚ್ಚದೆ ಕಾಫಿ ಕುಡಿಯುವವಳಲ್ಲ. ನಲ್ಲಿಯಲ್ಲಿ ನೀರು ಬಂದರೆ ದೇವರ ಕೃಪೆ, ಗ್ಯಾಸ್ ಸಿಲಿಂಡರ್ ಹಬ್ಬದ ಹಿಂದಿನ ದಿನ ಬಂದರೆ ದೊಡ್ಡ ಕೃಪೆ ಅನ್ನುವವಳು. ಅವರದು ಕೆ.ಆರ್. ಪುರದ ಆಚೆಯ ಒಂದು ಹಳ್ಳಿಯ ಬೌದ್ಧರ ಮನೆ. ಗೋಡೆಯ ಮೇಲೆ ಬುದ್ಧನ ಪಟ ಒಂದು ಬಿಟ್ಟರೆ ದೇವರು ದಿಂಡರು ಏನಿಲ್ಲ. ಗಣೇಶನ ಹಬ್ಬಕ್ಕೆ ಕಡುಬು ಕೊಡಲು ಮಹಡಿಗೆ ಹೋದರೆ, "ನಿಮ್ಮ ದೇವರು ಹೊಟ್ಟೆ ಬಿಟ್ಕೊಂಡು ಕೂತ್ರೆ ನೂರೆಂಟು ನಮಸ್ಕಾರ. ನಾನು ಕೂತ್ರೆ ಬಸ್ಸಿನಲ್ಲಿ ಪಕ್ಕದವನು ಮುಖ ಸಿಂಡರಿಸ್ತಾನೆ" ಅನ್ನುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ. "ನಿಮ್ಮ ಬುದ್ಧ ಉಪವಾಸ ಮಾಡಿ ಮಾಡಿ ಕೊನೆಗೆ ಯಾರೋ ಹೆಣ್ಣುಮಗಳು ಕೊಟ್ಟ ಪಾಯಸ ಕುಡಿದ ಮೇಲೆ ತಾನೇ ಜ್ಞಾನ ಬಂದಿದ್ದು? ತಗೊಳ್ಳಿ ಕಡುಬು." ಅವರು ತಗೊಳ್ಳುತ್ತಿದ್ದರು. ಜ್ಞಾನ ಬರುವವರೆಗೂ ತಗೊಳ್ಳುತ್ತಿದ್ದರು.

ಮದುವೆ ಆಗಿತ್ತು. ಎಂಟು ತಿಂಗಳು ಬಾಳಿತು. ಹುಡುಗನಿಗೆ ಕೆಲಸ ಇದೆಯಾ ಅಂತ ಅವರಪ್ಪ ಕೇಳಿದರು, ಇದೆ ಅಂದರು, ತಾಂಬೂಲ ಬದಲಾಯಿತು. ಕೆಲಸದ ಜೊತೆ ಇನ್ನೊಬ್ಬ ಹೆಂಡತಿಯೂ ಇದ್ದದ್ದು ಆಮೇಲೆ ತಿಳಿಯಿತು. "ಅವನ ಮನೆ ಎದುರಿಗೇ ಇಸ್ತ್ರಿ ಅಂಗಡಿ ಇತ್ತು ಕಣ್ರೀ. ಈ ಮನೆಯಿಂದ ಹೆಂಗಸರ ಸೀರೆ ಇಸ್ತ್ರಿಗೆ ಬರುತ್ತಾ ಅಂತ ಒಂದು ಮಾತು ಕೇಳಿದ್ರೆ ಸಾಕಿತ್ತು. ಯಾರೂ ವಿಚಾರಿಸಲಿಲ್ಲ. ವಿಚಾರಿಸದೆ ಹಾಳಾದೆ, ಈಗ ವಿಚಾರಣೆಯಲ್ಲೇ ಸಂಬಳ ತಿಂತಿದೀನಿ" ಅನ್ನುತ್ತಿದ್ದರು. ಹೇಳುವಾಗ ನಗುತ್ತಿದ್ದರು, ಆದರೆ ಕೈಯಲ್ಲಿರೋ ಲೋಟ ಕೆಳಗಿಡುತ್ತಿದ್ದರು.

ಐವತ್ತರ ಹತ್ತಿರ ಬಂದಾಗ ಮಂಡಿ ಕೈಕೊಟ್ಟಿತು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ಮಲಗಿದರೆ ಉಸಿರು ನಿಂತು ನಿಂತು ಬರುತ್ತಿತ್ತು. ಮಂಡಿ ಡಾಕ್ಟರು ನೋಡಿ, "ತೂಕ ಇಳಿಯದೆ ನಾನು ಮಂಡಿ ಮುಟ್ಟಲ್ಲ. ಹೀಗೇ ಬಿಟ್ಟರೆ ನೀವು ಪೆನ್ಷನ್ ನೋಡಲ್ಲ" ಅಂದುಬಿಟ್ಟರು. ಪಥ್ಯ ಮಾಡಿದರು, ಹಾಗಲಕಾಯಿ ರಸ ಕುಡಿದರು, ನನ್ನ ಮಾತು ಕೇಳಿ ಸೋಮವಾರ ಒಪ್ಪತ್ತು ಹಿಡಿದು ಮಂಗಳವಾರ ಬಾಕಿ ತೀರಿಸಿದರು. ಇಳಿದ ಕೆಜಿ ನೆಂಟರನ್ನೂ ಕರೆದುಕೊಂಡು ವಾಪಸ್ ಬರುತ್ತಿತ್ತು. ಆಗ ಹೊಟ್ಟೆ ಚಿಕ್ಕದು ಮಾಡುವ ಬೈಪಾಸ್ ಆಪರೇಷನ್ ಸುದ್ದಿ ಬಂತು.

"ಬೈಪಾಸ್ ಹೃದಯಕ್ಕಲ್ವೇನಮ್ಮ, ಹೊಟ್ಟೆಗೆ ಯಾತಕ್ಕೆ?" ಅಂತ ನಮ್ಮತ್ತೆ ಕೇಳಿದರು.

"ಹಳೇ ಮದ್ರಾಸ್ ರಸ್ತೆ ಲಾರಿ ಹಾಗೆ ಅಮ್ಮ. ಇನ್ಮೇಲೆ ಅನ್ನ ಊರೊಳಗೆ ನುಗ್ಗಲ್ಲ, ಹೊರಗಿಂದ ಹೊರಗೇ ಹೋಗುತ್ತೆ."

ಹೀಗೆ ಅವರ ವಿಚಾರಣೆ ಶುರುವಾಯಿತು. ಗಂಡು ನೋಡುವ ವಿಚಾರಣೆ ಹೇಗಿರುತ್ತೋ ಹಾಗೇ. ಮೊದಲು ಜಾತಕ: ಇಂದಿರಾನಗರದ ಬ್ರೌಸಿಂಗ್ ಸೆಂಟರಿಗೆ ಶನಿವಾರ ಶನಿವಾರ ಹೋಗುವುದು. ಜೊತೆಗೆ ನಾನು. ಅಲ್ಲಿನ ಕೈ ಇರುವ ಕುರ್ಚಿಯಲ್ಲಿ ಅವರು ಹಿಡಿಸುತ್ತಿರಲಿಲ್ಲ, ಅಂಗಡಿಯವನು ಸ್ಟೂಲ್ ಕೊಡುತ್ತಿದ್ದ. ಗಂಟೆಗಟ್ಟಲೆ ಓದಿ ಕಾಗದ ತೆಗೆಸಿಕೊಂಡು ಬರುತ್ತಿದ್ದರು. ಎಷ್ಟು ಜನಕ್ಕೆ ಹೊಲಿಗೆ ಬಿಡುತ್ತೆ, ಕೂದಲು ಉದುರುತ್ತಾ, ಜೀವನಪೂರ್ತಿ ಯಾವ ಮಾತ್ರೆ ನುಂಗಬೇಕು, ಎಲ್ಲಾ ಬಾಯಿಪಾಠ. ಆಪರೇಷನ್ನಿಗೆ ಮುಂಚೆ, ಆಪರೇಷನ್ ಆದ ಮೇಲೆ ಅಂತ ಜೋಡಿ ಫೋಟೋಗಳಿರುತ್ತಿದ್ದವು. ಮುಂಚಿನದರಲ್ಲಿ ಎಲ್ಲರೂ ಸೂತಕದ ಮುಖ, ಆಮೇಲಿನದರಲ್ಲಿ ಹಲ್ಲು ಬಿಟ್ಟ ನಗು. "ಹೊಟ್ಟೆ ಜೊತೆ ಹಲ್ಲಿಗೂ ಏನಾದ್ರೂ ಮಾಡ್ತಾರಾ? ಇದೆಲ್ಲ ಬ್ರೋಕರ್ ತಂದ ಫೋಟೋ ಪೂಜಾರಮ್ಮ. ಹುಡುಗನ ಬೀದಿಗೆ ಹೋಗಿ ಕೇಳಬೇಕು" ಅಂದರು.

ಮೊದಲನೇ ಡಾಕ್ಟರು ಕಲ್ಯಾಣ ನಗರದ ಒಂದು ಹಾಲಿನಲ್ಲಿ ಭಾಷಣ ಇಟ್ಟಿದ್ದರು. ಬೊಜ್ಜು ಹೇಗೆ ಕೊಲ್ಲುತ್ತೆ ಅಂತ ಪರದೆಯ ಮೇಲೆ ಬೆಣ್ಣೆ ಬೆಣ್ಣೆ ಚಿತ್ರ ತೋರಿಸಿ, ಮುಗಿದ ಮೇಲೆ ಸಮೋಸ ಜಾಮೂನು ಕೊಟ್ಟರು. ನನಗೆ ಏಕಾದಶಿ, ನನ್ನದೂ ಆಪರೇಟರಮ್ಮನೇ ತಿಂದರು. ತಿನ್ನುವ ಮುಂಚೆ ಎದ್ದು ನಿಂತು ಒಂದು ಪ್ರಶ್ನೆ ಕೇಳಿದ್ದರು: "ಡಾಕ್ಟ್ರೇ, ಮಾಡಿಸ್ಕೊಂಡು ನಗ್ತಿರೋರನ್ನ ತೋರಿಸಿದ್ರಿ, ಸಂತೋಷ. ಅಳ್ತಿರೋರ ನಂಬರ್ ಕೊಡಿ."

"ನಮ್ಮಲ್ಲಿ ಅಂಥವರು ಯಾರೂ ಇಲ್ಲಮ್ಮ" ಅಂದರು ಡಾಕ್ಟರು.

ಆಚೆ ಬಂದು ಬಸ್ಸಿಗೆ ಕಾಯುವಾಗ ಆಪರೇಟರಮ್ಮ ಬೆರಳು ಒರೆಸಿಕೊಳ್ಳುತ್ತಾ ಹೇಳಿದರು: "ಈ ಸಂಬಂಧ ಬೇಡ. ನಮ್ಮನೇಲಿ ಯಾರಿಗೂ ಏನೂ ದೋಷ ಇಲ್ಲ ಅಂದೋರು ಪೂರ್ತಿ ದೋಷ."

ಎರಡನೆಯವರು, ಮೂರನೆಯವರು ಹೀಗೇ ಬಿದ್ದುಹೋದರು. ನಾಲ್ಕನೇ ಡಾಕ್ಟರು ಕುಕ್ ಟೌನಿನವರು. ಅವರನ್ನು ನೋಡುವ ಮೊದಲೇ ನಾವು ಅವರ ಬೀದಿಯ ಇಸ್ತ್ರಿ ಗಾಡಿಗೆ ಹೋದೆವು. ಇಸ್ತ್ರಿಯವರು ವಯಸ್ಸಾದ ಸಾಬರು. ಇವರು ಉರ್ದುವಿನಲ್ಲಿ ಸಲಾಂ ಹೇಳಿ, ನನ್ನನ್ನು ತೋರಿಸಿ, "ಇವರ ತಂಗಿಗೆ ಡಾಕ್ಟರ್ ಮನೆತನದ ಸಂಬಂಧ ಬಂದಿದೆ ಚಾಚಾ, ಹೇಗೆ ಜನ?" ಅಂದರು. ನನಗೆ ತಂಗಿಯೇ ಇಲ್ಲ. ಸುಳ್ಳಿಗೆ ಮುಖವಾಗಿ ನಿಂತ ಪಾಪಕ್ಕೆ ಮನಸ್ಸಿನಲ್ಲೇ ತಪ್ಪು ಕಾಣಿಕೆ ಹೇಳಿಕೊಂಡೆ.

"ಅಚ್ಛೇ ಲೋಗಾಂ ಮಾ, ಒಳ್ಳೇ ಜನ. ಡಾಕ್ಟರ್ ಸಾಬ್‌ಗೆ ಶರ್ಟು ಭಾನುವಾರಾನೂ ಬೆಳಿಗ್ಗೆ ಆರಕ್ಕೆ ಬೇಕು, ಪೇಷಂಟ್ ನೋಡೋಕೆ ಹೋಗ್ತಾರೆ. ಗುಂಡಿ ಬಿದ್ರೆ ನನಗೂ ಕೊಡಲ್ಲ, ಬೀಬಿಗೂ ಕೊಡಲ್ಲ, ಖುದ್ ಹೊಲೀತಾರೆ."

ಆಪರೇಟರಮ್ಮನ ಕಣ್ಣು ಅರಳಿತು. "ಆ ಶರ್ಟು ಇದೆಯಾ ಚಾಚಾ?"

ಇತ್ತು. ಬಿಳಿ ಶರ್ಟಿನ ಎರಡನೇ ಗುಂಡಿ. ಆಪರೇಟರಮ್ಮ ಕನ್ನಡಕ ಹಾಕಿಕೊಂಡು ಹೊಲಿಗೆ ನೋಡಿದರು, ಗುಂಡಿ ಹಿಡಿದು ಎಳೆದರು, ಶರ್ಟನ್ನು ತಿರುವಿ ಹಿಂದಿನ ಗಂಟು ನೋಡಿದರು. "ಬಿಗಿ ಇದೆ ಕಣ್ರೀ. ದಾರ ಒಂದೆಳೆ ಹೆಚ್ಚಿಗೆ ಬಿಟ್ಟಿಲ್ಲ" ಅಂತ ನನ್ನ ಕಿವಿಯಲ್ಲಿ ಹೇಳಿದರು. ಸಾಬರು ಇಬ್ಬರನ್ನೂ ನೋಡಿ, "ತಂಗಿನ ಡಾಕ್ಟರ ಮಗನಿಗೆ ಕೊಡ್ತೀರೋ ಗುಂಡಿಗೆ ಕೊಡ್ತೀರೋ?" ಅಂದರು.

ಆಮೇಲೆ ಡಾಕ್ಟರ ಕ್ಲಿನಿಕ್. ಆಪರೇಟರಮ್ಮ ಒಳಗೆ ಹೋದರು. ಹೋಗುವ ಮುಂಚೆ, "ನೀವಿಲ್ಲಿ ಕೂತು ಏನ್ಮಾಡ್ತೀರ, ಎದುರಿಗೆ ಹೂವಿನವಳಿದಾಳೆ, ಸಂಜೆ ಪೂಜೆಗೆ ಹೂ ತಗೊಳ್ಳಿ" ಅಂದರು. ಸರಿ ಅಂತ ಹೋದೆ. ಹೂವಿನ ಹೆಂಗಸು ಮೊಳ ಹಾಕುತ್ತಾ, ಅರ್ಧ ತಮಿಳು ಅರ್ಧ ಕನ್ನಡದಲ್ಲಿ, "ಅಕ್ಕಾ, ಆ ದಪ್ಪ ಅಮ್ಮ ಉಂಗಳ್ ಕೂಡ ಬಂದೋರಾ? ಬೇಡ ಅಂತ ಹೇಳಿ. ಹೋದ ವರ್ಷ ಕೆ.ಆರ್. ಪುರದ ಒಂದಮ್ಮ ಇದೇ ಮಲ್ಲಿಗೆ ಮುಡ್ಕೊಂಡು ಒಳಗೆ ಹೋದ್ರು. ಆಪರೇಷನ್ ಆಗಿ ಎಂಟೇ ದಿನ, ಪೋಯ್ಟಾಂಗ. ಹೋಗೇಬಿಟ್ರು" ಅಂದಳು.

ನನ್ನ ಕೈಯಲ್ಲಿದ್ದ ಹೂವು ತಣ್ಣಗಾಯಿತು.

ಆಪರೇಟರಮ್ಮ ಹೊರಗೆ ಬಂದಾಗ ಅವರ ಮುಖದಲ್ಲಿ ಮದುವೆ ಗೊತ್ತಾದ ಕಳೆ. "ಇವನೇ ಕಣ್ರೀ" ಅಂದರು. ದಾರಿಯಲ್ಲಿ ಎಂದೂ ಇಲ್ಲದ ಹಾಗೆ ಹಾಡು ಗುನುಗಿದರು. ನಾನು ಹೇಗೆ ಹೇಳಲಿ? ಹೇಳಿದರೆ ಹೆದರಿ ಬಿಟ್ಟುಬಿಡುತ್ತಾರೆ, ಬಿಟ್ಟರೆ ಪೆನ್ಷನ್ ನೋಡಲ್ಲ ಅಂತ ಮಂಡಿ ಡಾಕ್ಟರು ಅಂದಿದ್ದಾರೆ. ಹೇಳದಿದ್ದರೆ, ಆಪರೇಷನ್ನಿನಲ್ಲಿ ಏನಾದರೂ ಆದರೆ, ಆ ಜೀವ ನನ್ನ ತಲೆಗೆ. ಒಂದು ದಿನ ಹೋಯಿತು, ಎರಡು ದಿನ ಹೋಯಿತು. ಮೂರನೇ ದಿನ ಗುಡಿಗೆ ಹೋಗಿ ಹೂ ಪ್ರಸಾದ ಕೇಳಿದೆ: ಬಲಗಡೆ ಬಿದ್ದರೆ ಹೇಳುತ್ತೇನೆ, ಎಡಗಡೆ ಬಿದ್ದರೆ ಬಿಡುತ್ತೇನೆ. ಸ್ವಾಮಿ ಎರಡು ಭುಜದಿಂದಲೂ ಒಟ್ಟಿಗೇ ಹೂವು ಬೀಳಿಸಿದ. ಡಾಕ್ಟರ ವಿಷಯಕ್ಕೆ ತಲೆ ಹಾಕೋದು ಅವನಿಗೂ ಬೇಡವಾಗಿತ್ತು ಅಂತ ಕಾಣುತ್ತೆ.

ನಾಲ್ಕನೇ ದಿನ ಮಹಡಿ ಹತ್ತಿ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಅವರು ಅವರೆಕಾಯಿ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ನಾಲ್ಕು ದಿನ ತಗೊಂಡ್ರಿ" ಅಂದರು.

"ಅಂದ್ರೆ?"

"ಆ ಹೂವಿನವಳು ಎಲ್ಲರಿಗೂ ಹೇಳ್ತಾಳೆ. ನನಗೂ ಹಿಂದಿನ ವಾರ ಹೇಳಿದ್ಳು. ಅದಕ್ಕೇ ನಿಮ್ಮನ್ನ ಅಲ್ಲಿಗೆ ಕಳಿಸಿದ್ದು."

ನನಗೆ ಸಿಟ್ಟು ಬಂತು. ನನ್ನನ್ನೂ ವಿಚಾರಿಸಿದರಲ್ಲ ಈ ಹೆಂಗಸು! ಎದ್ದು ಹೊರಟೆ. "ಕೂತ್ಕೊಳ್ರೀ, ಪೂರ್ತಿ ಕೇಳಿ" ಅಂತ ಸೆರಗು ಹಿಡಿದು ಕೂರಿಸಿದರು. ಡಾಕ್ಟರಿಗೆ ಎಂದಿನ ಪ್ರಶ್ನೆಯನ್ನೇ ಕೇಳಿದ್ದರಂತೆ, ಅಳುವವರ ನಂಬರ್ ಕೊಡಿ ಅಂತ. ಆತ, "ಒಬ್ಬರು ಉಳೀಲಿಲ್ಲ. ಅವರ ಮನೆಯವರನ್ನ ನಾನು ಕೇಳಿ, ಒಪ್ಪಿದ್ರೆ ಕೊಡ್ತೀನಿ" ಅಂದರಂತೆ. ಮಾರನೇ ದಿನ ತಾವೇ ಫೋನ್ ಮಾಡಿ ಆ ಕೆ.ಆರ್. ಪುರದ ಹೆಂಗಸಿನ ಗಂಡನ ನಂಬರ್ ಕೊಟ್ಟರಂತೆ. ಇವರು ಅಲ್ಲಿಗೂ ಹೋಗಿ ಬಂದಿದ್ದರು. ನನಗೆ ಹೇಳದೆ.

"ಒಳಗಿನ ಹೊಲಿಗೆ ಒಂದು ಕಡೆ ಸೋರಿತ್ತು. ಅದು ನೂರರಲ್ಲಿ ಒಬ್ರಿಬ್ರಿಗೆ ಎಷ್ಟು ಚೆನ್ನಾಗಿ ಹೊಲಿದ್ರೂ ಆಗುತ್ತೆ. ಬೇಗ ಗೊತ್ತಾದ್ರೆ ಉಳಿಸ್ಬೋದು. ಆಯಮ್ಮನಿಗೆ ಮನೆಗೆ ಬಂದಮೇಲೆ ಜ್ವರ ಬಂತು, ಎದೆ ಡವಡವ ಅಂತು, ಭುಜ ನೋವು. ವಾಪಸ್ ಆಸ್ಪತ್ರೆಗೆ ಹಾಕ್ತಾರೆ ಅಂತ ಹೆದರಿ ಮುಚ್ಚಿಟ್ಳು. ಮನೇಲಿ ನೋಡಿದೋರೂ, ಪಾಪ ಮಲಗ್ಲಿ ಅಂತ ಸುಮ್ಮನಾದ್ರು. ಎರಡು ದಿನ." ಅವರೆಕಾಳಿನ ಬಟ್ಟಲು ಪಕ್ಕಕ್ಕಿಟ್ಟರು. "ನನ್ನ ತಮ್ಮ ಇದಾನೆ, ಒಳ್ಳೇವನು. ಆದ್ರೆ ಬರೀ ಒಳ್ಳೇದೇ ಹೇಳ್ತಾನೆ. ನನಗೆ ಕೆಟ್ಟ ಸುದ್ದಿ ಹೇಳೋ ಬಾಯಿ ಬೇಕು ಪೂಜಾರಮ್ಮ. ನೀವು ಹೇಳೋದೇನೋ ಹೇಳ್ತೀರ. ನಾಲ್ಕು ದಿನ ಜಾಸ್ತಿ ಆಯ್ತು. ಅಷ್ಟರಲ್ಲಿ ನಾನು ಇರಲ್ಲ."

ಪಾಸಾದೆನೋ ಫೇಲಾದೆನೋ ತಿಳಿಯಲಿಲ್ಲ. ಆಸ್ಪತ್ರೆಗೆ ಸೇರುವ ದಿನ ಕೌಂಟರಿನ ಹುಡುಗಿ ನನ್ನನ್ನು ತೋರಿಸಿ, "ಪೇಷಂಟಿಗೆ ಇವರು ಏನಾಗ್ಬೇಕು?" ಅಂತ ಕೇಳಿದಾಗ ಆಪರೇಟರಮ್ಮ, "ಕೆಳಗಿನ ಮನೆ ಆಗ್ಬೇಕು" ಅಂದರು. ಹುಡುಗಿ ಹಾಗೇ ಬರೆದುಕೊಂಡಳು. ತಮ್ಮನೂ ರುಜು ಹಾಕಿದ. ಆಪರೇಷನ್ ಸುಸೂತ್ರವಾಯಿತು. ನಾನು ಹೊರಗೆ ಕೂತು ಜಪ ಮಾಡಿದೆ. ಪಕ್ಕದಲ್ಲಿ ತಮ್ಮ ಎಲ್ಲಾ ಒಳ್ಳೇದಾಗುತ್ತೆ, ಎಲ್ಲಾ ಒಳ್ಳೇದಾಗುತ್ತೆ ಅಂತ ತನ್ನ ಜಪ ಮಾಡಿದ. ಐದನೇ ದಿನ ಮನೆಗೆ ಕಳಿಸಿದರು. ಮಹಡಿ ಹತ್ತುವುದು ಬೇಡ ಅಂತ ನಮ್ಮ ನಡುಮನೆಯಲ್ಲೇ ಮಂಚ ಹಾಕಿದೆ.

ಆರನೇ ದಿನ ಬೆಳಿಗ್ಗೆ, ನಾನು ದೇವರ ಮುಂದೆ ಆರತಿ ಎತ್ತಿದ್ದೆ. ತಿರುಗಿ ನೋಡಿದರೆ ಅವರು ಎಡ ಭುಜ ಒತ್ತಿಕೊಳ್ಳುತ್ತಿದ್ದರು. ಹಣೆ ಮುಟ್ಟಿದೆ. ಬೆಚ್ಚಗಿತ್ತು.

"ಏನಿಲ್ಲ. ನಿಮ್ಮ ಆರತಿ ಶಾಖ."

ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತಾ ಎಣಿಸಿದೆ. ಹೇಗೆ ಎಣಿಸಬೇಕು ಅಂತ ಅವರೇ ಕಲಿಸಿದ್ದರು. ನೂರಿಪ್ಪತ್ತು ದಾಟಿತು.

"ಎಣಿಸೋಕೆ ಬರಲ್ಲ ನಿಮಗೆ. ಸುಮ್ನಿರಿ."

"ಡಾಕ್ಟರಿಗೆ ಫೋನ್ ಮಾಡ್ತೀನಿ."

ಆಗ ನಾನು ಎಂದೂ ನೋಡದ ಒಂದು ಮುಖ ನೋಡಿದೆ. ಎರಡು ವರ್ಷ ಓದಿದ್ದು, ಕಾಗದದ ಕಟ್ಟು, ಅಡ್ಡ ಪ್ರಶ್ನೆ, ಒಂದೂ ಆ ಮುಖದಲ್ಲಿರಲಿಲ್ಲ. ಇಂಜೆಕ್ಷನ್ ಕಂಡ ಮಗುವಿನ ಮುಖ. "ಬೇಡ ಕಣ್ರೀ. ನಿಮ್ಮ ದೇವರಾಣೆ. ಮತ್ತೆ ಕೊಯ್ತಾರೆ. ಇವತ್ತೊಂದಿನ ನೋಡೋಣ. ಗ್ಯಾಸಿರುತ್ತೆ. ಸಂಜೆವರೆಗೆ, ಪೂಜಾರಮ್ಮ, ಸಂಜೆವರೆಗೆ." ಕೈ ಹಿಡಿದುಕೊಂಡರು. ಆ ಕೈಯಲ್ಲಿ ನನಗೆ ಬಿಡಿಸಿಕೊಳ್ಳಲಾಗದಷ್ಟು ಬಲವಿತ್ತು.

ಅತ್ತೆ ಬಾಗಿಲಲ್ಲಿ ನಿಂತು, "ಪಾಪ, ಮಲಗ್ಲಿ ಬಿಡೇ" ಅಂದರು.

ಆ ಮಾತು ಕೇಳಿದ್ದೇ ತಡ, ನಾನು ಕೈ ಕಿತ್ತುಕೊಂಡೆ. ನನ್ನ ಎರಡು ಬಳೆ ಒಡೆದವು. ಆರತಿ ತಟ್ಟೆ ಅಲ್ಲೇ ಬಿಟ್ಟು ಫೋನಿಗೆ ಹೋದೆ. ಸ್ವಾಮಿಯನ್ನು ಕೇಳಲಿಲ್ಲ, ಹೂವು ಯಾವ ಕಡೆ ಬೀಳುತ್ತೆ ಅಂತ ಕಾಯಲಿಲ್ಲ. ಡಾಕ್ಟರು ಎರಡನೇ ರಿಂಗಿಗೆ ಎತ್ತಿಕೊಂಡರು, ಅದು ದೇವರ ಕೃಪೆ. ಜ್ವರ, ನಾಡಿ, ಎಡ ಭುಜ ಅಂದೆ. "ಏನೂ ಕೊಡ್ಬೇಡಿ, ನೀರೂ ಬೇಡ, ಈಗಲೇ ಕರ್ಕೊಂಡು ಬನ್ನಿ" ಅಂದರು. ಕರೆದ ಮೊದಲನೇ ಆಟೋ ಮಾತಾಡದೆ ಬಂತು, ಅದೂ ಕೃಪೆ. ಆಟೋದಲ್ಲಿ ಆಪರೇಟರಮ್ಮ ನಾಲ್ಕು ಭಾಷೆಯಲ್ಲೂ ನನ್ನನ್ನು ಬೈದರು. ಥ್ಯಾಂಕ್ಯೂ ಅನ್ನಲಿಲ್ಲ. ಆಸ್ಪತ್ರೆ ಬಾಗಿಲಲ್ಲಿ ಸ್ಟ್ರೆಚರಿಗೆ ಹಾಕುವಾಗ ಮುಖ ತಿರುಗಿಸಿಕೊಂಡರು.

ಸೋರಿಕೆ ಇತ್ತು. ಅವತ್ತೇ ಮತ್ತೆ ಒಳಗೆ ಕರೆದುಕೊಂಡು ಹೋಗಿ ಸರಿ ಮಾಡಿದರು. ಡಾಕ್ಟರು ಹೊರಗೆ ಬಂದು ಟೋಪಿ ತೆಗೆದು, "ನಾಳೆ ತಂದಿದ್ರೆ ನನಗೆ ಹೇಳೋಕೆ ಬೇರೆ ಮಾತಿರ್ತಿತ್ತು" ಅಂದರು. ತಮ್ಮ, "ನಾನು ಹೇಳ್ಲಿಲ್ವಾ, ಎಲ್ಲಾ ಒಳ್ಳೇದಾಗುತ್ತೆ ಅಂತ" ಅಂದ. ಅವನನ್ನು ಕಾಫಿ ತರಲು ಕಳಿಸಿದೆ.

ಮೂರು ದಿನ ಅವರನ್ನು ಗಾಜಿನ ಆಚೆಯಿಂದ ನೋಡಿದೆ. ನಾಲ್ಕನೇ ದಿನ ಒಳಗೆ ಬಿಟ್ಟರು. ಮೂಗಿನಲ್ಲಿ ನಳಿಗೆ, ಎರಡು ಕೈಗೂ ಸೂಜಿ. ಗಂಟಲು ಕಟ್ಟಿ ಮಾತು ಬರುತ್ತಿರಲಿಲ್ಲ. ಮಿಲಿಟರಿಯವನನ್ನು ಬಾಗಿಲಿಗೆ ತಂದ ಧ್ವನಿ ಅದು. ನನ್ನನ್ನು ನೋಡಿ ಕಣ್ಣು ಮುಚ್ಚಿಕೊಂಡರು. ಕೋಪ ಹೋಗಿಲ್ಲ ಅಂದುಕೊಂಡೆ. ಹೋಗದಿದ್ದರೂ ಪರವಾಗಿಲ್ಲ, ಕೋಪ ಮಾಡಿಕೊಳ್ಳೋಕಾದರೂ ಇದ್ದಾರಲ್ಲ ಅಂತ ಕಾಲ ಹತ್ತಿರ ಸ್ಟೂಲಿನಲ್ಲಿ ಕೂತೆ.

ಸ್ವಲ್ಪ ಹೊತ್ತಾದ ಮೇಲೆ ನರ್ಸಿಗೆ ಸನ್ನೆ ಮಾಡಿದರು. ಆಕೆ ಒಂದು ಚೀಟಿ, ಪೆನ್ನು ಕೊಟ್ಟಳು. ಸೂಜಿ ಚುಚ್ಚಿದ ಕೈಯಲ್ಲಿ ಸೊಟ್ಟ ಸೊಟ್ಟ ಅಕ್ಷರದಲ್ಲಿ ಒಂದು ಪದ ಬರೆದು ನನ್ನ ಕಡೆ ತಳ್ಳಿದರು.

"ಚಾಡಿಕೋರಿ."

ನಾನು ಓದಿ ಚೀಟಿ ಮಡಿಸತೊಡಗಿದೆ. ಸನ್ನೆ ಮಾಡಿ ವಾಪಸ್ ಕೇಳಿದರು. ಕೆಳಗೆ ಇನ್ನೊಂದು ಸಾಲು ಬರೆಯಲು ಅವರಿಗೆ ತುಂಬಾ ಹೊತ್ತು ಹಿಡಿಯಿತು.

"ನಾಳೆನೂ ಬನ್ನಿ."